ಮಣ್ಣು ಹತ್ತದ ಬೆನ್ನು

ಮಸ್ಕಿಯಲ್ಲಿ ಪಂಪಾಪತಿ ಪೈಲ್ವಾನ ಎಂದರೆ ನಾನೇ. ಈಗ ಹಿಟ್ಟಿನ ಗಿರಣಿ ನಡೆಸುತ್ತೇನೆ. ಹೊಟ್ಟೆ ಬಂದಿದೆ, ಮೊಣಕಾಲು ಮಾತು ಕೇಳುವುದಿಲ್ಲ. ಆದರೂ ಹನ್ನೊಂದು ವರ್ಷ ಕುಸ್ತಿ ಹಿಡಿದವನ ಬೆನ್ನಿಗೆ ಒಮ್ಮೆಯೂ ಮಣ್ಣು ಹತ್ತಿಲ್ಲ ಎಂದು ಜೋಳ ಬೀಸಲು ತಂದವರಿಗೆಲ್ಲ ಹೇಳುತ್ತೇನೆ. ಕೇಳದವರಿಗೂ ಹೇಳುತ್ತೇನೆ. ನನ್ನ ಮನೆ ಹಾಳು ಮಾಡಿದ್ದು ಆ ಜಂಬವೇ.

ಮಗಳು ಶಿವರಂಜನಿ, ನಮ್ಮ ರಂಜಿ, ಸಿಂಧನೂರಿನಲ್ಲಿ ನರ್ಸಿಂಗ್ ಓದುತ್ತಿದ್ದಳು. ದಿನಾ ಬಸ್ಸಿನಲ್ಲಿ ಹೋಗಿ ಬರುವುದು. ಶ್ರಾವಣದ ಹೊತ್ತಿಗೆ ಒಬ್ಬ ಅವಳ ಹಿಂದೆ ಬಿದ್ದ. ಸಂಜೆ ಬಸ್ಸಿಳಿದರೆ ಸಾಕು, ಬೈಕಿನಲ್ಲಿ ನಿಧಾನಕ್ಕೆ ಹಿಂದೆ ಬರುವನು, ಮುಖಕ್ಕೆ ಟವೆಲ್ ಸುತ್ತಿರುವನು, ನಂಬರ್ ಪ್ಲೇಟಿಗೆ ಕೆಸರು ಬಳಿದಿರುವನು. ನಾನು ಗಿರಣಿ ಮುಚ್ಚಿ ನಾಲ್ಕು ದಿನ ಬಸ್‌ಸ್ಟ್ಯಾಂಡಿನಲ್ಲಿ ಕಾದೆ. ನಾಲ್ಕು ದಿನವೂ ಆ ಸೂಳೆಮಗ ಬರಲಿಲ್ಲ. ನಾನು ಹೋಗದ ಐದನೇ ದಿನ ಬಂದ.

“ಓದಿದ್ದು ಸಾಕು, ಮನ್ಯಾಗ ಇರ್ಲಿ,” ಎಂದಳು ನನ್ನ ಹೆಂಡತಿ ಹೊನ್ನೂರಮ್ಮ. “ಸಂತೆಕಲ್ಲೂರ ಮಂದಿ ಹೆಣ್ಣು ಕೇಳಾಕತ್ತಾರ, ಕೊಟ್ಟುಬಿಡೂನು.”

ಮಗಳು ಮುಂದಿದ್ದ ತಾಟು ಸರಿಸಿದಳು. “ನಾ ಯಾಕ ಕಾಲೇಜ್ ಬಿಡ್ಲಿ? ಯಾರರ ಹಿಡದ್ರ ಬಿಡಿಸ್ಕೊಳ್ಳೋದು ಕಲೀತೀನಿ. ಅಪ್ಪಾ, ನೀ ಹೇಳು, ಯಾವುದು ಕಲೀಲಿ?”

ಕಲಿಯಲಿ, ಆದರೆ ಏನಾದರೂ ಒಂದು ಆಯಿತೆಂದರೆ ಮರುದಿನದಿಂದ ಕಾಲೇಜಿಲ್ಲ ಎಂದು ಹೊನ್ನೂರಮ್ಮ ಖಡಾಖಂಡಿತ ಹೇಳಿದಳು. ಹೀಗೆ ಮಗಳ ಓದು ನನ್ನ ಆಯ್ಕೆಯ ಮೇಲೆ ನಿಂತಿತು.

ಮೊದಲು ಲಿಂಗಸುಗೂರಿಗೆ ಹೋದೆವು, ಜೂಡೋ ನೋಡಲು. ಎದುರಿನವನ ಅಂಗಿ ಹಿಡಿದು ಎತ್ತಿ ಒಗೆಯುವ ವಿದ್ಯೆ, ಚೆನ್ನಾಗಿತ್ತು. ಕೈಗೂಡಲು ಎರಡು ವರ್ಷ ಬೇಕು ಎಂದರು. ಬೈಕಿನವನು ಅಲ್ಲಿಯತನಕ ಕಾಯುತ್ತಾನೆಯೇ?

ಆಮೇಲೆ ಸಿಂಧನೂರು. ಹೈದರಾಬಾದಿನಲ್ಲಿ ಜಿಯು-ಜಿತ್ಸು ಕಲಿತು ಬಂದ ನಸ್ರೀನ್ ಎಂಬ ಹುಡುಗಿ ಒಂದು ಬಟ್ಟೆ ಅಂಗಡಿಯ ಮೇಲಿನ ಹಾಲಿನಲ್ಲಿ ಹೆಣ್ಣುಮಕ್ಕಳಿಗೆ ಕಲಿಸುತ್ತಿದ್ದಳು. ಒಳಗೆ ಕಾಲಿಟ್ಟ ನನಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ. ಹುಡುಗಿಯರು ಅಂಗಾತ ಮಲಗಿದ್ದರು. ಮೇಲೆ ಬಿದ್ದವಳ ಸೊಂಟವನ್ನು ಕಾಲಲ್ಲಿ ಕಟ್ಟಿ, ಮೊಣಕೈ ಹಿಡಿದು ಒದ್ದಾಡುತ್ತಿದ್ದರು.

“ಇದೇನವ್ವ, ಬೆನ್ನು ಹಚ್ಚೇ ಶುರು ಮಾಡ್ತೀರಿ?”

“ಹುಡುಗಿ ಮ್ಯಾಲ ಯಾರರ ಬಿದ್ರ ಆಕಿ ಕೆಳಗ ಇರ್ತಾಳಲ್ರೀ, ಕಾಕಾ,” ಎಂದಳು ನಸ್ರೀನ್. “ಅದಕ್ಕ ಕೆಳಗಿಂದ ಬಿಡಿಸ್ಕೊಳ್ಳೋದು ಮೊದಲ ಕಲಸ್ತೀವಿ. ಬೆನ್ನು ನೆಲಕ್ಕ ಇರ್ಲಿ, ಅವನ ಮಾರಿ ಕಣ್ಣ ಮುಂದ ಇರ್ಬೇಕು. ಬೋರಲ ಬಿದ್ರ ಏನೂ ಕಾಣಂಗಿಲ್ಲ, ಕೈ ಆಡಂಗಿಲ್ಲ.”

“ಬೆನ್ನು ಹಚ್ಚಿದ ಮ್ಯಾಲ ಕುಸ್ತಿ ಎಲ್ಲೈತವ್ವ? ಮುಗೀತಲ್ಲ.”

“ನಿಮಗ ಗರಡ್ಯಾಗ ಮುಗೀತದ್ರೀ. ರಸ್ತ್ಯಾಗ ಯಾರು ಸೀಟಿ ಊದ್ತಾರ?”

ಅವಳ ವಯಸ್ಸಿಗಿಂತ ನನ್ನ ಲಂಗೋಟಿಗೆ ಹೆಚ್ಚು ವಯಸ್ಸಾಗಿತ್ತು. ನನಗೆ ಬುದ್ಧಿ ಹೇಳುತ್ತಾಳೆಂದು ಸಿಟ್ಟು ಬಂತು, ಮಗಳನ್ನು ಅಂಗಾತ ಮಲಗಿಸುವ ಮಾತಿಗೆ ನಾಚಿಕೆಯೂ ಬಂತು. ರಂಜಿಯ ಕೈ ಹಿಡಿದು ಮೆಟ್ಟಿಲಿಳಿದೆ. ಅವಳು ಎರಡು ಸಲ ತಿರುಗಿ ನೋಡಿದಳು.

ನಾನೇ ಕಲಿಸಿದೆ. ನಮ್ಮಲ್ಲಿ ಗರಡಿಯ ಹೊಸ್ತಿಲನ್ನು ಹೆಣ್ಣುಮಕ್ಕಳು ತುಳಿಯುವಂತಿಲ್ಲ. ಆದ್ದರಿಂದ ಗೊಬ್ಬರದ ಚೀಲಗಳಲ್ಲಿ ಗರಡಿಯ ಕೆಮ್ಮಣ್ಣು ಹೊತ್ತು ತಂದು ಹಿತ್ತಲಲ್ಲಿ ಹಾಸಿದೆ. ಕುಸ್ತಿ ಕಲಿಸಿದ ಉಸ್ತಾದರು ನನಗೆ ಹೇಳಿದ್ದನ್ನೇ ಅವಳಿಗೆ ಹೇಳಿದೆ: ಬಿದ್ದೆಯಾ, ತಟ್ಟನೆ ಬೋರಲಾಗು. ಎದೆ ನೆಲಕ್ಕೆ ಒತ್ತು, ಮೊಣಕೈ ಪಕ್ಕೆಗೆ ಬಿಗಿ ಹಿಡಿ, ಜೀವ ಹೋದರೂ ಹೊರಳಬೇಡ. ಹೊರಳಿಸಲು ನಾನು ಬೆವರು ಸುರಿಸಿ ಜಗ್ಗುತ್ತಿದ್ದೆ. ಅವಳು ಬೀಸುವ ಕಲ್ಲಿನಂತೆ ಬಿದ್ದಿರುತ್ತಿದ್ದಳು. ಕೊನೆಗೆ ಅವಳ ಬೆನ್ನು ತಟ್ಟಿ “ಶಾಭಾಸ್” ಎನ್ನುತ್ತಿದ್ದೆ. ಆ ಒಂದು ಮಾತು ಬರುವವರೆಗೆ ಅವಳು ಮಣ್ಣಿನಿಂದ ಏಳುತ್ತಿರಲಿಲ್ಲ. ಎರಡು ತಿಂಗಳು ನಾನು ಬಹಳ ಸುಖವಾಗಿದ್ದೆ.

ದೀಪಾವಳಿ ಮುಗಿದ ವಾರ, ಸಂಜೆ ಆರೂವರೆ. ಹತ್ತಿ ಮಿಲ್ಲಿನ ಹಿಂದಿನ ದಾರಿಯಲ್ಲಿ ಅವನು ಬೈಕ್ ನಿಲ್ಲಿಸಿ ಅವಳ ಬ್ಯಾಗಿಗೆ ಕೈ ಹಾಕಿ ಕೆಡವಿದ. ಮಗಳು ನಾನು ಕಲಿಸಿದಂತೆ ಬೋರಲಾದಳು, ಎದೆ ನೆಲಕ್ಕೆ ಒತ್ತಿದಳು. ಅವನಿಗೆ ಅವಳ ಬೆನ್ನಿನ ಮೇಲೆ ಕೂರುವುದು ಅಷ್ಟು ಸಲೀಸಾಯಿತು. ಅವಳನ್ನು ತಿರುಗಿಸಲು ಒಂದು ಕೈಯನ್ನು ಹಿಂದಕ್ಕೆ ತಿರುಚಿದ. ಅವಳು ತಿರುಗಲಿಲ್ಲ. ಮೂಳೆ ಮುರಿಯಿತು. ಹುಲ್ಲಿನ ಹೊರೆ ಹೊತ್ತು ಬರುತ್ತಿದ್ದ ಸಕೀನಾಬೀ ಮತ್ತು ಅವಳ ಸೊಸೆ ಚೀರಿದ್ದಕ್ಕೆ ಅವನು ಬೈಕ್ ಹತ್ತಿ ಓಡಿದ.

ಲಿಂಗಸುಗೂರಿನ ಆಸ್ಪತ್ರೆಗೆ ಮಹಿಳಾ ಪೊಲೀಸರು ಬಂದು ಸಕೀನಾಬೀಯನ್ನು ಕೇಳಿದರು. “ಟವೆಲ್ ಬಿಚ್ಚಿ ಕೊಳ್ಳಾಗ ಬಿದ್ದಿತ್ರೀ,” ಎಂದಳು ಅವಳು. “ಆದ್ರ ನಮಗ ಅವನ ಬೆನ್ನಷ್ಟ ಕಂಡಿದ್ದು.”

ಅವರು ಮಗಳತ್ತ ತಿರುಗಿದರು. “ನೀ ನೋಡಿಯೇನವ್ವ ಅವನ ಮಾರಿ?”

“ಇಲ್ರೀ. ನನ್ನ ಮಾರಿ ಮಣ್ಣಾಗ ಇತ್ತು.”

ಅವರು ನೋಟ್‌ಬುಕ್ ಮುಚ್ಚಿದರು. ಅವನ ಮುಖ ಅವಳ ತಲೆಯಿಂದ ಒಂದು ಮೊಳ ಮೇಲೆ ಬರಿದಾಗಿತ್ತು. ಅಂಗಾತ ಬಿದ್ದಿದ್ದರೆ ನೋಡಿಬಿಡುತ್ತಿದ್ದಳು. ಈಗ ಅವನು ಯಾರು ಬೇಕಾದರೂ ಆಗಿರಬಹುದು, ನಾಳೆ ನನ್ನ ಗಿರಣಿಗೇ ಜೋಳ ತರಬಹುದು. ಹಿಟ್ಟು ಕಟ್ಟಿ ಕೈಗೆ ಕೊಡುತ್ತೇನೆ. ನಾನು ಏನು ಮಾಡಬಲ್ಲೆ?

ಮನೆಗೆ ಬಂದ ದಿನ ಹೊನ್ನೂರಮ್ಮ ಜಗಳ ಆಡಲಿಲ್ಲ. ಕಾಲೇಜಿನ ಬ್ಯಾಗನ್ನು ಅಟ್ಟಕ್ಕೆ ಎತ್ತಿಟ್ಟು, ಸಂತೆಕಲ್ಲೂರಿಗೆ ಫೋನ್ ಮಾಡಿದಳು. ನಾನು ತಡೆಯಲಿಲ್ಲ. ತಪ್ಪು ಆರಿಸಿದವನು ನಾನು.

ರಂಜಿ ಪ್ಲಾಸ್ಟರ್ ಹಾಕಿದ ಕೈಯನ್ನು ದಿಂಬಿನ ಮೇಲಿಟ್ಟು ಮಲಗಿದ್ದಳು. ತಾಯಿಯ ಫೋನಿನ ಮಾತು ಅವಳಿಗೂ ಕೇಳುತ್ತಿತ್ತು. ಹತ್ತಿರ ಕೂತೆ.

“ಅಪ್ಪಾ, ಅವ ಎಷ್ಟು ಜಗ್ಗಿದ್ರೂ ನಾ ಹೊರಳಲಿಲ್ಲ. ಕೈ ಮುರದ್ರೂ ಬೆನ್ನು ಹಚ್ಚಲಿಲ್ಲ.”

ಅಷ್ಟು ಹೇಳಿ, ಹಿತ್ತಲ ಮಣ್ಣಿನಲ್ಲಿ ಕಾಯುತ್ತಿದ್ದಂತೆಯೇ ನನ್ನ ಮುಖ ನೋಡುತ್ತ ಕಾದಳು.

“ಶಾಭಾಸ್,” ಎಂದೆ.