ಸೀಟಿ ಮೇಷ್ಟ್ರು ಹಾಕಿದ ಜಡೆ

ಚಕ್ರವಿರುವ ವಸ್ತು ಏಕೆ ಅಷ್ಟು ಸಲೀಸಾಗಿ ಓಡುತ್ತದೆ ಎಂದು ಬೆಳಿಗ್ಗೆ ತಾನೇ ಮಕ್ಕಳಿಗೆ ಬೋರ್ಡಿನ ಮೇಲೆ ಚಿತ್ರ ಬರೆದು ವಿವರಿಸಿದ್ದೆ. ಸಂಜೆ ಮನೆಗೆ ಬಂದವಳು ಕಿಟಕಿಗೆ ಪರದೆ ಸಿಕ್ಕಿಸಲು ಚಕ್ರದ ಕುರ್ಚಿಯನ್ನೇ ಹತ್ತಿ ನಿಂತೆ. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ. ಕುರ್ಚಿ ಒಂದು ಕಡೆ ಹೋಯಿತು, ನಾನು ಇನ್ನೊಂದು ಕಡೆ. ಬಲಗೈ ಮಣಿಕಟ್ಟಿನಲ್ಲಿ ಸಣ್ಣ ಬಿರುಕು ಬಿಟ್ಟಿದೆ ಎಂದು ಡಾಕ್ಟರು ಮೊಣಕೈವರೆಗೆ ಪ್ಲಾಸ್ಟರು ಹಾಕಿ ಕಳಿಸಿದರು.

ನೋವಿಗಿಂತ ಹೆಚ್ಚಾಗಿ ನನಗೆ ಅಮ್ಮನ ಚಿಂತೆ ಹತ್ತಿತು. ಈ ಪರದೇಶಕ್ಕೆ ವಿಜ್ಞಾನ ಕಲಿಸಲು ಒಂದು ವರ್ಷದ ಮಟ್ಟಿಗೆಂದು ಬಂದವಳು ನಾನು. ಇನ್ನೂ ಎರಡು ವರ್ಷ ಇರುತ್ತೀರಾ ಎಂದು ಹೆಡ್‌ಮಿಸ್ ಕೇಳಿದ್ದರು. ಶುಕ್ರವಾರ ಉತ್ತರ ಕೊಡಬೇಕಿತ್ತು. ನನಗಂತೂ ಇರಲು ಬಲು ಆಸೆ. ಅಮ್ಮನದು ಮಾತ್ರ ಒಂದೇ ಹಟ.

"ಹುಷಾರು ತಪ್ಪಿದ್ರೆ ಅಲ್ಲಿ ನಿನ್ನ ನೋಡ್ಕೊಳ್ಳೋರು ಯಾರೇ? ಅದಕ್ಕೊಂದು ಉತ್ತರ ಹೇಳು, ಆಮೇಲೆ ಇರು."

ಅಮ್ಮನನ್ನು ಅಳಿಸಿ ಇಲ್ಲಿ ನೆಮ್ಮದಿಯಾಗಿರುವುದು ನನ್ನಿಂದಾಗದು. ಅಂಥ ವಾರದಲ್ಲೇ ಕೈ ಮುರಿದುಕೊಂಡು ಕೂತೆ ನೋಡಿ, ನನ್ನ ಬುದ್ಧಿಗಿಷ್ಟು!

ಮರುದಿನ ಬೆಳಿಗ್ಗೆ ಎಡಗೈಯಲ್ಲಿ ಹಲ್ಲುಜ್ಜಿದೆ. ಗುಂಡಿಗಳ ಜೊತೆ ಜಗಳವಾಡಿ ಸೋತು, ಗುಂಡಿಯಿಲ್ಲದ ಅಂಗಿ ತೊಟ್ಟೆ. ಚಮಚದ ಅನ್ನ ಅರ್ಧ ಬಾಯಿಗೆ, ಅರ್ಧ ಮಡಿಲಿಗೆ. ಇದೆಲ್ಲ ಹೇಗೋ ನಡೆಯಿತು. ನಡೆಯದ್ದು ಸೊಂಟದವರೆಗಿನ ಕೂದಲೊಂದೇ. ಒಂದು ಕೈಯಲ್ಲಿ ಚಪ್ಪಾಳೆಯಾಗುವುದಿಲ್ಲ ಎನ್ನುತ್ತಾರೆ, ಜಡೆಯೂ ಆಗುವುದಿಲ್ಲ.

ಕೆದರಿದ ತಲೆಯಲ್ಲೇ ಶಾಲೆಗೆ ಹೋದೆ. ಪ್ರಯೋಗಾಲಯದ ಬಾಗಿಲಲ್ಲೇ ಹುಡುಗಿಯೊಬ್ಬಳು ನನ್ನನ್ನು ತಡೆದು ಗೋಡೆ ತೋರಿಸಿದಳು. ಕೂದಲು ಬಿಟ್ಟುಕೊಂಡು ಬೆಂಕಿಯ ಹತ್ತಿರ ಬರಬಾರದು ಎಂದು ದಪ್ಪಕ್ಷರದಲ್ಲಿ ಬರೆದು ಅಂಟಿಸಿದವಳು ನಾನೇ.

"ಮಿಸ್, ನೀವು ಒಳಗೆ ಬರೋ ಹಾಗಿಲ್ಲ," ಎಂದಳು.

ತರಗತಿಗೆ ತರಗತಿಯೇ ಬಿದ್ದು ಬಿದ್ದು ನಕ್ಕಿತು. ನಾನೂ ನಕ್ಕೆ. ನಗುತ್ತಲೇ ಸ್ಟಾಫ್ ರೂಮಿಗೆ ಬಂದು ಕೂತಾಗ ಮಾತ್ರ ಅಳು ಒತ್ತರಿಸಿ ಬಂತು.

ಅಲ್ಲಿ ಸೀಟಿ ಮೇಷ್ಟ್ರು ಒಬ್ಬರೇ ಕೂತು ಚಹಾ ಕುಡಿಯುತ್ತಿದ್ದರು. ಮಕ್ಕಳಿಗೆ ಆಟ ಆಡಿಸುವವರು. ಅರವತ್ತರ ಹತ್ತಿರದ ವಯಸ್ಸು, ಪೊದೆ ಮೀಸೆ. ನನ್ನ ಪಾಠದ ಹೊತ್ತಿಗೇ ಸರಿಯಾಗಿ ಕಿಟಕಿಯಾಚೆ ಸೀಟಿ ಊದಿ ಊದಿ ವರ್ಷವಿಡೀ ನನ್ನ ಪಿತ್ತ ನೆತ್ತಿಗೇರಿಸಿದ ಆಸಾಮಿ. ಆ ಹೆಸರು ಇಟ್ಟದ್ದೂ ನಾನೇ. ಅವರು ನನ್ನ ಕೈ ನೋಡಿದರು, ತಲೆ ನೋಡಿದರು, ಲೋಟ ಕೆಳಗಿಟ್ಟರು.

"ಈ ಕಡೆ ತಿರುಗಿ ಕೂತ್ಕೊಳ್ಳಮ್ಮ. ನಂಗೆ ಮೂರು ಹೆಣ್ಣುಮಕ್ಕಳು. ಅವರಮ್ಮ ಬೆಳಕು ಹರಿಯೋ ಮುಂಚೆ ಕೆಲಸಕ್ಕೆ ಹೋಗ್ತಿದ್ಲು, ಮೂರು ತಲೆನೂ ನನ್ನ ಪಾಲಿಗೇ. ಈಗ ಮೂವರೂ ಮದುವೆಯಾಗಿ ಹೋದ್ರು, ಕೈಗೆ ಕೆಲಸಾನೇ ಇಲ್ಲ."

ಬೇಡ ಎನ್ನಲು ಬಾಯಿ ತೆರೆಯುವಷ್ಟರಲ್ಲಿ, ಚೀಲದಿಂದ ಇಣುಕುತ್ತಿದ್ದ ನನ್ನ ಬಾಚಣಿಗೆ ಅವರ ಕೈಯಲ್ಲಿತ್ತು. ಸಿಕ್ಕಿನ ಮೇಲ್ಗಡೆ ಕೂದಲನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದು, ತುದಿಯಿಂದ ಸ್ವಲ್ಪ ಸ್ವಲ್ಪವೇ ಬಿಡಿಸಿದರು. ಒಂದೆಳೆಯೂ ನೋಯಲಿಲ್ಲ. ಕಟ್ಟಲು ಏನೂ ಸಿಗದೆ ಜೇಬಿನಿಂದ ಹೊಸ ಶೂ ಲೇಸು ತೆಗೆದು ಜಡೆಯ ತುದಿಗೆ ಬಿಗಿದರು.

"ಇನ್ನು ಓಟದ ಪಂದ್ಯಕ್ಕೆ ನಿಂತ್ರೂ ಬಿಚ್ಚಲ್ಲ!"

ಆ ವಾರವೆಲ್ಲ ಮೊದಲ ಗಂಟೆ ಹೊಡೆಯುವ ಮುಂಚೆ ನನ್ನ ತಲೆ ಅವರ ವಶ. ಸೀಟಿಯ ಸದ್ದೂ ಯಾಕೋ ಅಷ್ಟು ಕರ್ಕಶವಾಗಿ ಕೇಳುತ್ತಿರಲಿಲ್ಲ.

ಗುರುವಾರ ಸಂಜೆ ಅಮ್ಮ ವೀಡಿಯೊ ಕಾಲ್ ಮಾಡಿದಳು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಂತೆ, ನಾನು ಕೈಯನ್ನು ಮೇಜಿನ ಕೆಳಗಿಟ್ಟು ಹಲ್ಲು ಕಿರಿದೆ.

"ಸ್ವಲ್ಪ ತಿರುಗು."

"ಯಾಕಮ್ಮ?"

"ತಿರುಗೇ ಅಂದ್ರೆ!"

ತಿರುಗಿದೆ.

"ಇದು ನೀನು ಹಾಕ್ಕೊಂಡ ಜಡೆ ಅಲ್ಲ. ನೀನು ಹಾಕ್ಕೊಂಡ್ರೆ ಯಾವತ್ತೂ ಸೊಟ್ಟ. ಎಲ್ಲಿ, ಎರಡೂ ಕೈ ತೋರಿಸು."

ತೋರಿಸಿದೆ. ಅಮ್ಮನ ಮುಖ ಬಾಡಿತು. ಕುರ್ಚಿ ಹತ್ತಿದ್ದು, ಬಿದ್ದದ್ದು, ಜಡೆ ಹಾಕಿದವರು ಯಾರು ಎಂಬುದು, ಎಲ್ಲವನ್ನೂ ಒಪ್ಪಿಸಿಬಿಟ್ಟೆ.

"ಗಂಡಸರಾ?"

"ಅಪ್ಪನಿಗಿಂತ ದೊಡ್ಡೋರಮ್ಮ."

ಅಮ್ಮ ಕನ್ನಡಕ ತೆಗೆದು ಸೆರಗಿನಿಂದ ಒರೆಸತೊಡಗಿದಳು. ಮುಗಿಯಿತು, ಇನ್ನು ಗಂಟುಮೂಟೆ ಕಟ್ಟುವುದೊಂದೇ ಬಾಕಿ ಎಂದುಕೊಂಡೆ.

"ಸಿಕ್ಕು ಬಿಡಿಸೋವಾಗ ನೋಯಿಸ್ತಾರಾ?" ಅಮ್ಮ ಮೆಲ್ಲಗೆ ಕೇಳಿದಳು.

"ಇಲ್ಲಮ್ಮ. ಮೇಲೆ ಗಟ್ಟಿಯಾಗಿ ಹಿಡ್ಕೊಂಡು ತುದಿಯಿಂದ ಬಾಚ್ತಾರೆ."

ಅಮ್ಮ ಕಣ್ಣೊರೆಸಿಕೊಂಡು ನಕ್ಕಳು.

"ನಾನು ಎಳೆದೆಳೆದೇ ಬಾಚ್ತಿದ್ದೆ ಕಣೇ, ಹೊತ್ತಾಯ್ತು ಹೊತ್ತಾಯ್ತು ಅಂತ. ನೀನು ಅಳ್ತಾನೇ ಸ್ಕೂಲಿಗೆ ಹೋಗ್ತಿದ್ದೆ. ಹೋಗಲಿ ಬಿಡು, ನಾಳೆ ನಿಮ್ಮ ಹೆಡ್‌ಮಿಸ್‌ಗೆ ಇರ್ತೀನಿ ಅಂತ ಹೇಳು."