ಪಾಲಾದ ಕಂಪ್ಯೂಟರು

ಹೊಳೆನರಸೀಪುರದ ಬಸ್ ಸ್ಟ್ಯಾಂಡಿನೆದುರು ಲಗ್ನಪತ್ರಿಕೆ ಮಾಡಿಕೊಡುತ್ತಿದ್ದ ದೇವರಾಜು ಕೀಬೋರ್ಡಿನ ಮೇಲೆ ಬೆರಳಿಟ್ಟನೆಂದರೆ ಹಾಸನದವರೆಗೂ ಗುಡುಗು ಕೇಳುತ್ತಿತ್ತು. ಅವನು ಟೈಪು ಮಾಡುವ ರಭಸಕ್ಕೆ ಜಾತಕ ಕೂಡುವ ಮೊದಲೇ ಪತ್ರಿಕೆ ಸಿದ್ಧವಾಗಿ, ಎಷ್ಟೋ ಮದುವೆಗಳು ಬೇರೆ ದಾರಿಯಿಲ್ಲದೆ ನಡೆದುಹೋಗಿದ್ದವು. ಇಂಥವನಿಗೂ ತಮ್ಮ ಮೋಹನ್‌ಕುಮಾರನಿಗೂ ಫ್ಯಾನು ಯಾರ ಕಡೆ ತಿರುಗಬೇಕೆಂಬ ವಿಷಯಕ್ಕೆ ಜಗಳ ಹತ್ತಿ, ಅಂಗಡಿ ಪಾಲಾಯಿತು.

ಸೋದರಮಾವ ನಂಜಪ್ಪ ನಡುವೆ ಪ್ಲೈವುಡ್ ಹೊಡೆಸಿದರು. ಉಳಿದದ್ದು ಒಂದೇ ಕಂಪ್ಯೂಟರು. ಜಮೀನಿಗಿರುವ ಪದ್ಧತಿಯೇ ಅದಕ್ಕೂ: ಹಿರಿಯ ಪಾಲು ಮಾಡಬೇಕು, ಕಿರಿಯ ಆರಿಸಬೇಕು. ದೇವರಾಜು ಒಂದು ಕಡೆ ಪರದೆ, ಕೀಬೋರ್ಡು, ಮೌಸು, ಪ್ರಿಂಟರುಗಳನ್ನು ಚಾಮುಂಡಿಬೆಟ್ಟದಷ್ಟು ಗುಡ್ಡೆ ಹಾಕಿದ. ಇನ್ನೊಂದು ಕಡೆ, ಇಷ್ಟು ದಿನ ಮೇಜಿನಡಿ ಕಾಲಿಡಲು ಅನುಕೂಲವಾಗಿದ್ದ ಡಬ್ಬವನ್ನಿಟ್ಟ. ಅವನಿಗೇ ನಾಚಿಕೆಯಾಗಿ ಲ್ಯಾಮಿನೇಷನ್ ಮಿಷನ್ನನ್ನೂ ಅದಕ್ಕೆ ಸೇರಿಸಿದ.

ಮೋಹನ ಹೆಂಡತಿಯ ಮುಖ ನೋಡಿದ. ದೀಪಶ್ರೀ ಗದ್ದದಿಂದ ಡಬ್ಬ ತೋರಿಸಿದಳು.

"ಡಬ್ಬದ್ ಪಾಲು ನಂಗಿರ್ಲಿ ಮಾವ," ಎಂದ ಮೋಹನ.

ದೇವರಾಜುವಿಗೆ ಆದ ಸಂತೋಷಕ್ಕೆ ಹೇಮಾವತಿಯೇ ಒಂದು ಗಳಿಗೆ ಉಕ್ಕಿ ಇಳಿಯಿತು.

ಮರುದಿನ ಕೊಣನೂರಿನ ಕಾಂತರಾಜು ಮಗಳ ಲಗ್ನಪತ್ರಿಕೆಗೆ ಬರುವವರಿದ್ದರು. ದೊಡ್ಡ ಕುಳ. ಅವರು ಹತ್ತಿದ ಬಾಗಿಲನ್ನೇ ಇಡೀ ಹೋಬಳಿ ಹತ್ತುತ್ತಿತ್ತು. ಪತ್ರಿಕೆಯನ್ನು ದೇವರಾಜು ಹೋದ ವಾರವೇ ಮಾಡಿಟ್ಟಿದ್ದ. ಛತ್ರದ ಹೆಸರು ಬದಲಿಸಿ ಪ್ರಿಂಟ್ ಕೊಟ್ಟರಾಯಿತು. ಬೆಳಿಗ್ಗೆ ಪರದೆಗೆ ಊದುಬತ್ತಿ ಬೆಳಗಿ ಸ್ವಿಚ್ ಒತ್ತಿದ. ಪರದೆ ಕಪ್ಪಗೇ ಇತ್ತು. ಒರೆಸಿದ, ತಟ್ಟಿದ, ಅದರ ಏಳು ತಲೆಮಾರನ್ನು ಬೈದ. ಕಾಂತರಾಜುವಿನ ಬಸ್ಸು ಬರುವ ಹೊತ್ತಾಗಿತ್ತು. ಪರದೆ ಹೊತ್ತುಕೊಂಡು ಪಕ್ಕದ ಅಂಗಡಿಗೆ ನುಗ್ಗಿದ.

"ಲೇ ಮೋಹ್ನ, ಏನ್ ಮಾಡ್ಸಿದ್ದೀಯ್ಲಾ ಇದಕ್ಕೆ? ಉಸ್ರೇ ಇಲ್ಲ."

ದೀಪಶ್ರೀ ನಗು ನುಂಗಿದಳು. "ಅದು ಬಾಳೆಲೆ ಕಣ್ ಭಾವ. ಬಡಿಸಿದ್ರೆ ತಾನೆ ಕಾಣೋದು? ಅಡಿಗೆ ಬೇಯೋದು ಈ ಡಬ್ಬದೊಳಗೆ. ಮದರ್‌ಬೋರ್ಡು ಅಡಿಗೆಮನೆ, ಪ್ರೊಸೆಸರು ಭಟ್ಟ. ರ‍್ಯಾಮು ಅವನು ತರಕಾರಿ ಹೆಚ್ಕೊಳ್ಳೋ ಮಣೆ, ಕರೆಂಟ್ ಓಯ್ತಾ, ಮಣೆ ಖಾಲಿ. ಎತ್ತಿಡೋದೆಲ್ಲ ಹಾರ್ಡ್ ಡಿಸ್ಕಲ್ಲಿ, ಆಲೂಗೆಡ್ಡೆ ಕೋಲ್ಡ್ ಸ್ಟೋರೇಜ್‌ಗೆ ಹಾಕ್ದಂಗೆ."

"ಕರೆಂಟ್ ಓದ್ರೆ ಅಲ್ಲೂ ಗೆಡ್ಡೆ ಕೊಳೀತಾವಲ್ಲವ್ವ."

"ಅಂಗಾರೆ ಅಟ್ಟ ಅಂದ್ಕಳಿ. ನೀವ್ ಮಾಡಿದ್ ಪತ್ರಿಕೆ ಎಲ್ಲ ಆ ಅಟ್ಟದಾಗೇ ಅವೆ."

ಅಟ್ಟ ಬಿಟ್ಟುಕೊಟ್ಟು ಎಲೆ ಹೊತ್ತು ತಂದಿದ್ದೇನೆಂದು ತಿಳಿದಾಗ ದೇವರಾಜು ಅಲ್ಲೇ ಅರ್ಧ ಅಡಿ ಕುಳ್ಳಗಾದ. ಆಮೇಲೆ ಕಣ್ಣು ಟಿವಿಯ ಮೇಲೆ ಬಿತ್ತು. ಮೋಹನ ಮನೆಯ ಟಿವಿಯನ್ನೇ ತಂದು ಡಬ್ಬಕ್ಕೆ ಸಿಕ್ಕಿಸಿದ್ದ. 'ಕಾಂತರಾಜು ಮದುವೆ' ಎಂಬ ಫೈಲು ಅದರ ಮೂಲೆಯಲ್ಲೇ ಕಾಣುತ್ತಿತ್ತು. ಮೋಹನ ಮಾತ್ರ ಕೈಕಟ್ಟಿ ಕೂತಿದ್ದ.

"ಅಲ್ಲೇ ಐತಲ್ಲ, ತೆಗಿ ಮತ್ತೆ."

"ಏನ್ ಮೂಗಲ್ ತೆಗೀಲಾ? ಮೌಸು, ಕೀಬೋರ್ಡು ನಿನ್ ಗುಡ್ಡೆಗೆ ಓದ್ವಲ್ಲಣ್ಣ."

ದೇವರಾಜುವಿಗೆ ಕಳೆದುಹೋದ ಅರ್ಧ ಅಡಿಯ ಮೇಲೆ ಇನ್ನೊಂದು ಅಡಿ ಬೆಳೆಯಿತು. "ಕೊಡಕಿಲ್ಲ ಕಣ್ಲಾ."

"ಡಬ್ಬ ನಾನೂ ಕೊಡಕಿಲ್ಲ."

ಹೊರಗೆ ಬಸ್ಸು ಹಾರನ್ ಹೊಡೆಯಿತು.

"ಇಬ್ರೂ ಕೊಡ್ಬ್ಯಾಡಿ, ವೈರ್ ತೂರ್ಸಿ ಸಾಕು," ಎಂದ ದೀಪಶ್ರೀ ಪಕ್ಕದ ಬಡಗಿಯ ಡ್ರಿಲ್ ತಂದು, ನಂಜಪ್ಪನವರ ಪ್ಲೈವುಡ್ಡಿಗೆ ಆನೆ ನುಗ್ಗುವಷ್ಟು ತೂತು ಕೊರೆದಳು. ಡಬ್ಬ ತಮ್ಮನ ಕಡೆಯೇ ಉಳಿಯಿತು. ವೈರುಗಳು ಮಾತ್ರ ಅಣ್ಣನ ಕಡೆ ಬಂದವು. ಪರದೆ ಬೆಳಗಿತು. ಗುಡುಗು ಶುರುವಾಯಿತು.

ಕಾಂತರಾಜು ರಸ್ತೆಯಲ್ಲೇ ನಿಂತು ಎರಡು ಬಾಗಿಲುಗಳನ್ನೂ ನೋಡಿದರು. "ಏನಪ್ಪ, ಯಾವ್ ಅಂಗಡಿಗೆ ಬರ್ಲಿ?"

"ಯಾವ್ದಕ್ಕಾರ ಬನ್ನಿ ಸಾ," ಅಂದ ದೇವರಾಜು ತಲೆ ಎತ್ತದೆ. "ಬ್ಯಾರೆಯೋರ್ ಕಂಪ್ಯೂಟರು ಮೇಜಗಲ. ನಮ್ದು ಎಲ್ಡ್ ಅಂಗಡಿ ಅಗಲ."

ಪತ್ರಿಕೆ ಬಿಸಿಬಿಸಿಯಾಗಿ ಕಾಂತರಾಜುವಿನ ಕೈಗೆ ಬಂತು. ಅಡಿಯಲ್ಲಿ ಅಣ್ಣತಮ್ಮಂದಿರಿಬ್ಬರ ಹೆಸರೂ ಇತ್ತು. ದೇವರಾಜುವಿನದು ಮಾತ್ರ ವಧೂವರರ ಹೆಸರಿಗಿಂತ ಒಂಚೂರು ದಪ್ಪ.