ಕೆಸರಾಗಿದ್ದರೂ ತನ್ನಿ

ಕೊರಳಿಗೆ ಬೀಗದ ಕೈ ಕಟ್ಟಿಕೊಂಡು ಶಾಲೆಗೆ ಹೋಗುವ ಮಕ್ಕಳನ್ನು ನೀವು ನೋಡಿರುತ್ತೀರಿ. ಗಿಣಿಯೂ ಅಂಥವಳೇ. ಬಾಯಿಗೆ ಬಿಡುವೇ ಇಲ್ಲ ಎಂದು ಅಮ್ಮ ಇಟ್ಟ ಹೆಸರು ಅದು. ಅಮ್ಮ ಆಸ್ಪತ್ರೆಯಲ್ಲಿ ಹಾಸಿಗೆ ಬಟ್ಟೆ ಒಗೆಯುವವಳು, ಮನೆಗೆ ಬರುವಷ್ಟರಲ್ಲಿ ದೀಪ ಹಚ್ಚುವ ಹೊತ್ತು. ಪಕ್ಕದ ಕೋಣೆಯ ಗೆಳತಿ ಊರು ಬಿಟ್ಟುಹೋದ ಮೇಲೆ ಗಿಣಿಯ ಮಾತೂ ನಿಂತಿತು. ಬೀಗ ತೆಗೆಯುವುದು, ಮುಚ್ಚಿಟ್ಟದ್ದನ್ನು ತಿನ್ನುವುದು, ಕಿಟಕಿಯ ಬಳಿ ಕೂರುವುದು. ಎದುರಿನ ಗುಡ್ಡದಲ್ಲಿ ಮಕ್ಕಳು ದಪ್ಪ ಚಕ್ರದ ಸೈಕಲ್ಲಿನಲ್ಲಿ ಏರಿ ಇಳಿಯುವುದು ಕಾಣುತ್ತಿತ್ತು. ಅವರ ಕೂಗು ಮಾತ್ರ ಕಿಟಕಿಯವರೆಗೆ ಕೇಳುತ್ತಿರಲಿಲ್ಲ.

ಅದೇ ಗುಡ್ಡದ ಬುಡದಲ್ಲಿ ಸೈಕಲ್ ರಿಪೇರಿ ಮಾಡುವ ಅಕ್ಕ ಒಬ್ಬಳು ಶೆಡ್ಡು ತೆರೆದಳು. ಮನೆಮನೆಯಲ್ಲಿ ಧೂಳು ತಿನ್ನುತ್ತಿದ್ದ ಅಂಥ ದಪ್ಪ ಚಕ್ರದ ಸೈಕಲ್ಲುಗಳನ್ನು ಕೇಳಿ ತಂದು, ಸರಿ ಮಾಡಿ, ಲೈಬ್ರರಿ ಪುಸ್ತಕದ ಹಾಗೆ ಮಕ್ಕಳಿಗೆ ವಾರದ ಮಟ್ಟಿಗೆ ಕೊಡುತ್ತಿದ್ದಳು. ಹೆಲ್ಮೆಟ್ಟೂ ಅವಳದೇ.

"ಪುಕ್ಕಟೆ ಕೊಡ್ತಾರೆ ಅಂದ್ರೆ ಒಳಗೆ ಏನೋ ಇದೆ," ಎಂದಳು ಅಮ್ಮ. "ಅದು ಇದ್ದೋರ ಮಕ್ಕಳ ಆಟ ಕಣೇ. ಮುರಿದ್ರೆ ನಮ್ಮ ತಲೆಗೆ ಕಟ್ತಾರೆ."

"ಒಂದೇ ವಾರ ಅಮ್ಮಾ..."

ಮಗಳ ಮುಖ ನೋಡಿ ಅಮ್ಮ ಸೋತಳು. "ಹೇಗೆ ತಂದ್ಯೋ ಹಾಗೇ ವಾಪಸ್ ಕೊಡ್ಬೇಕು, ತಿಳೀತಾ?"

ಮೊದಲ ದಿನವೇ ಗಿಣಿ ಕಿವಿಯವರೆಗೂ ಕೆಸರು ಮೆತ್ತಿಕೊಂಡು ಬಂದಳು. "ಅಮ್ಮಾ, ಇಳಿಜಾರಲ್ಲಿ ಸೀಟ್ ಮೇಲೆ ಕೂರಬಾರ್ದಂತೆ! ಎದ್ದು ನಿಂತು ಮಂಡಿ ಮಡಚ್ಬೇಕಂತೆ! ಹುಂಜದ ಥರ!" ಕೋಣೆಯಲ್ಲೇ ಹುಂಜದ ಹಾಗೆ ನಿಂತು ತೋರಿಸಿದಳು. ಎಷ್ಟು ದಿನಗಳ ಮೇಲೆ ಆ ಮನೆಯಲ್ಲಿ ಮಾತು! ಆದರೆ ಅಮ್ಮನ ಕಣ್ಣೆಲ್ಲ ಸೈಕಲ್ಲಿನ ಕೆಸರಿನ ಮೇಲೆ.

ವಾಪಸ್ ಕೊಡುವ ಹಿಂದಿನ ದಿನ ಅಮ್ಮ ತನಗೆ ಗೊತ್ತಿದ್ದ ಹಾಗೆ ಅದನ್ನು ತೊಳೆದಳು. ಬಿಸಿನೀರು, ಬಟ್ಟೆ ಸೋಡಾ, ಬ್ರಷ್ಷು. ಚೈನನ್ನಂತೂ ಉಜ್ಜಿ ಉಜ್ಜಿ ಬೆಳ್ಳಗೆ ಮಾಡಿದಳು. ಬೆಳಗಾಗುವಷ್ಟರಲ್ಲಿ ಚೈನು ತುಕ್ಕು ಹಿಡಿದು ಕೆಂಪಗಾಗಿತ್ತು. ಪೆಡಲ್ ತುಳಿದರೆ ಕಿರ್ರೋ ಎಂದು ಅರಚಿತು.

"ಅಯ್ಯೋ, ಕೆಡಿಸಿಬಿಟ್ವಲ್ಲೇ! ಯಾರಾದ್ರೂ ಕೇಳಿದ್ರೆ ಹುಷಾರಿಲ್ಲ ಅಂದ್ಬಿಡು."

ಸೈಕಲ್ಲು ಬಾಗಿಲ ಹಿಂದೆ ಹಳೇ ಚಾದರದ ಕೆಳಗೆ ಸೇರಿತು. ಗಿಣಿ ಕಿಟಕಿಗೆ ಬೆನ್ನು ಹಾಕಿ ಕೂರಲು ಕಲಿತಳು.

ಅಮ್ಮನ ರಜೆಯ ದಿನ ಬಾಗಿಲು ಬಡಿಯಿತು. ರಿಪೇರಿ ಅಕ್ಕ!

"ಗಿಣಿ ಎಲ್ಲಮ್ಮಾ? ಶೆಡ್ಡಲ್ಲಿ ಮಾತಾಡಿ ತಲೆ ತಿನ್ನೋರೇ ಇಲ್ಲ ಈಗ."

ಅಮ್ಮ ಬಾಗಿಲ ಹಿಂದಿನ ಚಾದರ ಎಳೆದಳು. "ನಾನೇ ಕೆಡಿಸಿದ್ದು. ಮಗೂಗೆ ಏನೂ ಅನ್ಬೇಡಿ. ಹೇಗಾದ್ರೂ ತೀರಿಸ್ತೀನಿ."

ಅಕ್ಕ ಚೈನು ಮುಟ್ಟಿ ನೋಡಿ ನಕ್ಕಳು. "ಸೋಡಾ ಹಾಕಿದ್ರಾ? ಎಣ್ಣೆಯೆಲ್ಲ ಹೋಗಿದೆ ಅಷ್ಟೆ. ಇಷ್ಟು ಕ್ಲೀನಾದ ಸೈಕಲ್ಲನ್ನ ಆಪರೇಷನ್ ಕೋಣೆಗೇ ಬಿಡಬಹುದು ಬಿಡಿ!"

"ಬೈಯಲ್ವಾ?" ಅಮ್ಮ ಕೇಳಿದಳು.

"ಕೆಸರಾಗ್ಲಿ ಅಂತಾನೇ ಕೊಟ್ಟಿದ್ದು ತಾಯಿ. ಮುರಿದು ತಂದ್ರೂ ನಾನು ಸರಿಮಾಡ್ತೀನಿ. ಹೀಗೆ ಹೆದರಿ ಬಚ್ಚಿಟ್ರೆ ಏನು ಮಾಡ್ಲಿ?"

"ಬಿದ್ರೆ?"

"ಬೀಳ್ತಾಳೆ. ಅದಕ್ಕೇ ಹೆಲ್ಮೆಟ್ಟು, ಮಂಡಿಗೆ ಪಟ್ಟಿ. ಮೊದ್ಲು ಬ್ರೇಕ್ ಹಿಡಿಯೋದು ಕಲಿಸ್ತೀವಿ, ಆಮೇಲೆ ಇಳಿಜಾರು. ಒಂಟಿಯಾಗಿ ಯಾರನ್ನೂ ಗುಡ್ಡಕ್ಕೆ ಬಿಡಲ್ಲ."

ಅಕ್ಕ ಚೀಲದಿಂದ ಎಣ್ಣೆ ಡಬ್ಬಿ ತೆಗೆದು ಅಮ್ಮನ ಕೈಗೇ ಕೊಟ್ಟಳು. ಅಮ್ಮ ಹನಿ ಹನಿಯಾಗಿ ಬಿಟ್ಟಳು, ಮೂಲೆಯಲ್ಲಿದ್ದ ಗಿಣಿ ಬಂದು ಪೆಡಲ್ ತಿರುಗಿಸಿದಳು. ಅರಚಾಟ ನಿಂತಿತು.

ಈಗ ರಜೆಯ ದಿನ ಅಮ್ಮ ಒಬ್ಬಳೇ ಆ ಕಿಟಕಿಯ ಬಳಿ ಕೂರುತ್ತಾಳೆ. ಗುಡ್ಡದ ಮೇಲೆ ಒಂದು ಹಳದಿ ಹೆಲ್ಮೆಟ್ಟು ಇಳಿಯುತ್ತದೆ. ಕೂಗು ಇಲ್ಲಿಗೆ ಕೇಳುವುದಿಲ್ಲ. ಮಗಳು ಇಷ್ಟು ದಿನ ಎಲ್ಲಿ ಕೂತಿದ್ದಳೆಂದು ಅಮ್ಮನಿಗೆ ಅಲ್ಲಿ ಕೂತ ಮೇಲೆ ತಿಳಿಯುತ್ತದೆ. ಚಪ್ಪಲಿ ಮೆಟ್ಟಿಕೊಂಡು ಗುಡ್ಡದ ಕಡೆ ಹೊರಡುತ್ತಾಳೆ.

ನಿಮ್ಮ ಬೀದಿಯಲ್ಲೂ ಒಬ್ಬ ಗಿಣಿ ಕಿಟಕಿಯ ಬಳಿ ಕೂತಿರಬಹುದು, ಗುಡ್ಡಕ್ಕೆ ಕರೆದುಕೊಂಡು ಬನ್ನಿ. ನಿಮ್ಮ ಮನೆಯ ಮೂಲೆಯಲ್ಲಿ ಯಾರೂ ತುಳಿಯದ ಸೈಕಲ್ಲಿದ್ದರೆ ಶೆಡ್ಡಿಗೆ ಕೊಡಿ. ಎರವಲು ಒಯ್ದವರು ಕೆಸರಾಗಿದ್ದರೂ ತನ್ನಿ, ಮುರಿದಿದ್ದರೂ ತನ್ನಿ. ಸೋಡಾ ಮಾತ್ರ ಹಾಕಬೇಡಿ.